ಓದುಗರ ಪ್ರಶ್ನೆ: ಕೆಸರಿನಲ್ಲಿ ಕೂತ ಹೂಪುಡಿ

ಹಳೆಯ ಕೆಸರು ಮತ್ತು ಕಲ್ಲಿನಲ್ಲಿ ಉಳಿದಿರುವ ಪರಾಗ (ಹೂಪುಡಿ), ಬೀಜಕಗಳನ್ನು (ಹೂಬಿಡದ ಗಿಡಗಳ ಸಂತಾನದ ಪುಡಿ) ನೋಡಿ ಹಿಂದಿನ ಕಾಲದ ಗಿಡಮರಗಳನ್ನು ತಿಳಿಯುವ ವಿದ್ಯೆಗೆ ಪಾಲಿನಾಲಜಿ ಎಂದು ಹೆಸರು. ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಸೇರಿಸಿ ಇಲ್ಲಿ ಉತ್ತರಿಸಲಾಗಿದೆ.

ಹೂವು ಎರಡು ದಿನಕ್ಕೆ ಬಾಡಿ ಕೊಳೆಯುತ್ತದೆ. ಅದರ ಪುಡಿ ಮಾತ್ರ ಸಾವಿರಾರು ವರ್ಷ ಉಳಿಯುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಹೇಗೆ ವಿವರಿಸಲಿ?
*— ಪ್ರೌಢಶಾಲಾ ಶಿಕ್ಷಕಿ, ಶಿರಸಿ*

ತೆಂಗಿನಕಾಯಿ ತೋರಿಸಿ. ನೀರು ಆರುತ್ತದೆ, ಕೊಬ್ಬರಿ ಹಾಳಾಗುತ್ತದೆ, ಕರಟ ಉಳಿಯುತ್ತದೆ. ಪರಾಗದಲ್ಲೂ ಹಾಗೆಯೇ. ಒಳಗಿನ ಜೀವರಸ ಬೇಗ ಹೋಗುತ್ತದೆ, ಸೆಲ್ಯುಲೋಸಿನ ತೆಳು ಒಳಗೋಡೆಯೂ ಅದರ ಹಿಂದೆಯೇ ಹೋಗುತ್ತದೆ. ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ವಸ್ತುವಿನದು. ಜೀವಿಗಳು ತಯಾರಿಸುವ ಪದಾರ್ಥಗಳಲ್ಲಿ ಇಷ್ಟು ಗಟ್ಟಿಯಾದವು ಬಹಳ ಇಲ್ಲ. ಗಾಜನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿದರೂ ಅದು ಜಗ್ಗುವುದಿಲ್ಲ. ಜರೀಗಿಡ, ಹಾವಸೆಗಳ ಬೀಜಕಗಳ ಹೊರಗೋಡೆಯೂ ಇದೇ ವಸ್ತುವಿನದು.

ಆದರೆ ಅದಕ್ಕೂ ಶತ್ರುಗಳಿವೆ. ಮೊದಲನೆಯದು ಗಾಳಿಯ ಆಮ್ಲಜನಕ. ಮಣ್ಣು ಒಮ್ಮೆ ನೆನೆದು ಒಮ್ಮೆ ಒಣಗುತ್ತಿದ್ದರೆ ಗೋಡೆ ತೆಳುವಾಗುತ್ತಾ ಹೋಗುತ್ತದೆ. ಕ್ಷಾರದ ಮಣ್ಣು, ಶಿಲೀಂಧ್ರ, ಬೆಂಕಿ ಉಳಿದವು. ಹಾಗಾಗಿ ಸದಾ ನೀರು ನಿಂತಿರುವ, ಗಾಳಿಯಾಡದ, ಸ್ವಲ್ಪ ಹುಳಿಯಾದ ಕೆಸರೇ ಪರಾಗಕ್ಕೆ ಹೇಳಿಮಾಡಿಸಿದ ಜಾಗ.

ಗಾತ್ರ ಸಾಮಾನ್ಯವಾಗಿ 10ರಿಂದ 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಹತ್ತರಿಂದ ನೂರು ರೇಣುಗಳನ್ನು ಸಾಲಾಗಿ ಇಡಬಹುದು. ಗೋಡೆಯ ಮೇಲಿನ ಮುಳ್ಳು, ಬಲೆ, ಗೆರೆಗಳು ಮತ್ತು ರಂಧ್ರಗಳ ಸಂಖ್ಯೆಯಿಂದ ಗಿಡದ ಗುರುತು ಸಿಗುತ್ತದೆ. ಹುಲ್ಲಿನ ರೇಣು ನುಣುಪಾದ ಗುಂಡು, ಅದಕ್ಕೆ ಬಳೆ ತೊಡಿಸಿದಂತೆ ಅಂಚಿರುವ ಒಂದೇ ರಂಧ್ರ. ಪೈನ್ ಮರದ್ದಕ್ಕೆ ಎರಡು ಗಾಳಿಚೀಲ. ಜರೀಗಿಡದ ಬೀಜಕದ ಮೇಲೆ ಒಂದೇ ಗೀಟು, ಇಲ್ಲವೇ ಮೂರು ಕವಲಿನ ಗುರುತು. ಇವನ್ನು ಪದರಪದರವಾಗಿ ಎಣಿಸಿ ಶೇಕಡಾವಾರು ನಕ್ಷೆ ಬರೆಯುವ ಕ್ರಮವನ್ನು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಮುಂದಿಟ್ಟರು. ಪಾಲಿನಾಲಜಿ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ.

ನಮ್ಮೂರ ಕೆರೆ ಏಳೆಂಟು ನೂರು ವರ್ಷ ಹಳೆಯದೆಂದು ಶಾಸನವಿದೆ. ಈ ಬೇಸಿಗೆ ಹೂಳೆತ್ತುತ್ತಾರೆ. ಆ ಹೂಳನ್ನು ಪರೀಕ್ಷೆಗೆ ಕಳಿಸಿದರೆ ಅಂದಿನ ಕಾಡು, ಬೆಳೆ ಗೊತ್ತಾಗುತ್ತದೆಯೇ?
*— ಕೃಷಿಕರು, ಕೋಲಾರ ಜಿಲ್ಲೆ*

ಜೆಸಿಬಿ ಎತ್ತಿ ಲಾರಿಗೆ ಸುರಿದ ಹೂಳಿನಿಂದ ಏನೂ ಗೊತ್ತಾಗುವುದಿಲ್ಲ. ಹೂಳಿಗೆ ಬೆಲೆ ಬರುವುದು ಅದು ಕೂತ ಕ್ರಮದಿಂದ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಆ ಕ್ರಮ ಕಲಸಿಹೋದರೆ ಪುಟ ಹರಿದು ಗೋಣಿಚೀಲಕ್ಕೆ ತುಂಬಿದ ಕಡತದಂತೆ.

ಬಯಲುಸೀಮೆಯ ಕೆರೆಗಳಲ್ಲಿ ಇನ್ನೂ ಮೂರು ತೊಡಕು. ಒಂದು, ಹಿಂದಿನವರೂ ಹೂಳೆತ್ತುತ್ತಿದ್ದರು. ಕೆರೆ ಹಳೆಯದಾದರೂ ಅಂಗಳದ ಹೂಳು ಅಷ್ಟು ಹಳೆಯದಾಗಿರಬೇಕಿಲ್ಲ. ಎರಡು, ಬೇಸಿಗೆಯಲ್ಲಿ ಅಂಗಳ ಬಿರುಕು ಬಿಡುತ್ತದೆ. ಗಾಳಿ ಒಳಗಿಳಿದು ಪರಾಗ ಸವೆಯುತ್ತದೆ, ಅದೇ ಬಿರುಕಿನಲ್ಲಿ ಈ ವರ್ಷದ ಪರಾಗ ಮೊಳದುದ್ದ ಕೆಳಗೆ ಬೀಳುತ್ತದೆ. ಮೂರು, ದನದ ತುಳಿತ, ಅಂಗಳದ ಉಳುಮೆ.

ಹಾಗಾದರೂ ಕೆರೆಯಲ್ಲಿ ಎಂದೂ ಒಣಗದ ಮಡು ಇದ್ದರೆ ಅಲ್ಲಿ ನೋಡಬಹುದು. ಗುಂಡಿ ತೋಡಿ ಒಂದು ಗೋಡೆಯನ್ನು ನೇರ ಮಾಡಿಕೊಳ್ಳಿ. ಕರಣೆಯಿಂದ ಅಡ್ಡಡ್ಡಲಾಗಿ ಹೆರೆದು ಶುಚಿ ಮಾಡಿ. ಮೇಲಿಂದ ಕೆಳಕ್ಕೆ ಹೆರೆದರೆ ಹೊಸ ಮಣ್ಣು ಹಳೆಯದರ ಮೇಲೆ ಬಳಿದುಕೊಳ್ಳುತ್ತದೆ. ಮಾದರಿ ತೆಗೆಯುವುದು ತಳದಿಂದ ಮೇಲಕ್ಕೆ, ಅದೇ ಕಾರಣಕ್ಕೆ. 5 ಸೆಂ.ಮೀ.ಗೊಂದರಂತೆ ಒಂದು ಹಿಡಿ ಸಾಕು. ಪ್ರತಿಸಲ ಕರಣೆ ತೊಳೆದು ಒರೆಸಿ, ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಳ ಬರೆದು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಿ. ಬಿಸಿಲಲ್ಲಿ ಒಣಗಿಸಲೇಬೇಡಿ. ಎಲೆ, ಕಡ್ಡಿ, ಬೀಜದ ಚೂರು ಕಂಡರೆ ಬೇರೆಯಾಗಿ ತೆಗೆದಿಡಿ. ಇಂಗಾಲದ ಕಾಲನಿರ್ಣಯಕ್ಕೆ ಬರಿಯ ಹೂಳಿಗಿಂತ ಅವು ಒಳ್ಳೆಯವು. ಏಕೆಂದರೆ ಮಳೆನೀರು ಎತ್ತರದಿಂದ ಹಳೆಯ ಮಣ್ಣನ್ನೂ ಕೊಚ್ಚಿ ತರುತ್ತದೆ, ಅದನ್ನು ಅಳೆದರೆ ಪದರ ಇರುವುದಕ್ಕಿಂತ ಹಳೆಯದೆಂದು ಬರುತ್ತದೆ.

ಕೆಮ್ಮಣ್ಣು, ಜಂಬಿಟ್ಟಿಗೆ ಕಲ್ಲು ತುಕ್ಕು ಹಿಡಿದ ಮಣ್ಣುಗಳು, ಅವುಗಳಲ್ಲಿ ಹುಡುಕುವುದು ವ್ಯರ್ಥ. ಬಣ್ಣ ಕಪ್ಪೆಂದು ಎರೆಮಣ್ಣಿಗೂ ಮೋಸಹೋಗಬೇಡಿ. ಅದು ಕ್ಷಾರದ್ದು, ಬೇಸಿಗೆಯಲ್ಲಿ ಬಾಯಿಬಿಟ್ಟು ತನ್ನನ್ನು ತಾನೇ ಮಗುಚುತ್ತದೆ. ಕರ್ನಾಟಕದಲ್ಲಿ ಹೆಚ್ಚು ಭರವಸೆ ಇರುವುದು ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳಂಥ ಸದಾ ಒದ್ದೆಯಾದ ಕಡೆ, ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನಲ್ಲಿ, ಮತ್ತು ಸಮುದ್ರದ ತಳದಲ್ಲಿ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೆಸರಿನಿಂದ ಪರಾಗ ಬೇರ್ಪಡಿಸಿದೆ. ಸ್ಲೈಡಿನಲ್ಲಿ ಕರಿ ಚೂರು, ಹೊಳೆಯುವ ಹರಳು ಬಿಟ್ಟರೆ ಏನೂ ಕಾಣುತ್ತಿಲ್ಲ. ಎಲ್ಲಿ ತಪ್ಪಿದೆ?
*— ಸಸ್ಯಶಾಸ್ತ್ರ ವಿದ್ಯಾರ್ಥಿ, ಧಾರವಾಡ*

ಮೊದಲು ಇದನ್ನು ಹೇಳಿ: ಲೈಕೋಪೋಡಿಯಂ ಮಾತ್ರೆ ಹಾಕಿದ್ದಿರಾ? ಪತ್ರದಲ್ಲಿ ಅದರ ಮಾತಿಲ್ಲ. ಒಂದೊಂದು ಮಾತ್ರೆಯಲ್ಲೂ ಆ ಹೆಸರಿನ ಗಿಡದ ಇಂತಿಷ್ಟು ಬೀಜಕಗಳಿವೆ ಎಂದು ಎಣಿಸಿಟ್ಟಿರುತ್ತಾರೆ. ಸಂಖ್ಯೆ ಡಬ್ಬಿಯ ಮೇಲಿರುತ್ತದೆ, ಬ್ಯಾಚಿನಿಂದ ಬ್ಯಾಚಿಗೆ ಬೇರೆಯಾಗುತ್ತದೆ. ಇದನ್ನು ಶುರುವಿನಲ್ಲೇ ಹಾಕಿದ್ದರೆ ನಿಮ್ಮ ಪ್ರಶ್ನೆಗೆ ಸ್ಲೈಡೇ ಉತ್ತರ ಕೊಡುತ್ತಿತ್ತು. ಲೈಕೋಪೋಡಿಯಂ ಕಂಡು ಪರಾಗ ಕಾಣದಿದ್ದರೆ ಕೆಸರೇ ಬರಿದು. ಎರಡೂ ಕಾಣದಿದ್ದರೆ ಅವು ನಿಮ್ಮ ಸಿಂಕಿನಲ್ಲಿವೆ.

ಕ್ರಮವನ್ನು ಮೊದಲಿನಿಂದ ನೋಡೋಣ. ಕೆಲವು ಸಾವಿರ ವರ್ಷಗಳ ಕೆಸರು ಎಂದಿಟ್ಟುಕೊಳ್ಳಿ.

1 ಘನ ಸೆಂ.ಮೀ. ಕೆಸರನ್ನು 50 ಮಿ.ಲೀ. ಪಾಲಿಪ್ರೊಪಿಲೀನ್ ನಳಿಕೆಗೆ ಹಾಕಿ. ಗಾಜಿನ ನಳಿಕೆ ಕೂಡದು, ಮುಂದೆ ಬರುವ ಆಮ್ಲ ಅದನ್ನು ತಿನ್ನುತ್ತದೆ. ಮಾತ್ರೆ ಹಾಕಿ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ಸುಣ್ಣದ ಅಂಶವೂ ಮಾತ್ರೆಯ ಅಂಟೂ ನೊರೆಯೆದ್ದು ಕರಗುತ್ತವೆ. ಒಮ್ಮೆಲೇ ಸುರಿದರೆ ನೊರೆಯ ಜೊತೆ ಮಾದರಿಯೂ ಉಕ್ಕಿ ಚೆಲ್ಲುತ್ತದೆ. ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3000 ಸುತ್ತು, 5 ನಿಮಿಷ. ಮೇಲಿನ ನೀರನ್ನು ಒಂದೇ ಓಟದಲ್ಲಿ ಬಗ್ಗಿಸಿ ಚೆಲ್ಲಿ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಬಗ್ಗಿಸಿದರೆ ತಳದ ಗಸಿ ಏಳುತ್ತದೆ. ರೇಣುಗಳು ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ.

ಆಮೇಲೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕುದಿನೀರಿನ ವಾಟರ್ ಬಾತ್‌ನಲ್ಲಿ 10 ನಿಮಿಷ. ಹ್ಯೂಮಿಕ್ ಆಮ್ಲ ಕಾಫಿ ಡಿಕಾಕ್ಷನ್ನಿನಂತೆ ಬಿಟ್ಟುಕೊಳ್ಳುತ್ತದೆ. ಹೆಚ್ಚು ಹೊತ್ತು ಇಟ್ಟರೆ ರೇಣುಗಳು ಉಬ್ಬುತ್ತವೆ, ಅಳತೆಯಿಂದ ಗುರುತಿಸುವುದಕ್ಕೆ ಕುತ್ತು. ನಂತರ 150 ಮೈಕ್ರಾನ್ ಜರಡಿಯಲ್ಲಿ ಸೋಸಿ. ಮೇಲೆ ಉಳಿದ ಕಡ್ಡಿಕಸವನ್ನು ಎಸೆಯಬೇಡಿ, ಕಾಲನಿರ್ಣಯಕ್ಕೆ ಬೇಕಾದ ಚೂರು ಅದರಲ್ಲಿರಬಹುದು. ಕೆಳಗಿಳಿದದ್ದನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ.

ಮರಳು, ಜೇಡಿ ಹೋಗಬೇಕಾದರೆ ಶೇ. 40ರ ಹೈಡ್ರೋಫ್ಲೋರಿಕ್ ಆಮ್ಲ, ಫ್ಯೂಮ್ ಹುಡ್‌ನೊಳಗೆ ರಾತ್ರಿಯಿಡೀ. ಇದು ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ತಕ್ಷಣ ಉರಿಯೇ ಇರುವುದಿಲ್ಲ, ಒಳಗಿಳಿದು ರಕ್ತದ ಕ್ಯಾಲ್ಸಿಯಂ ಹೀರಿ ಜೀವಕ್ಕೇ ಎರವಾಗುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆ ಸಿಗುವಂತೆ ಇಲ್ಲದ, ಪಕ್ಕದಲ್ಲಿ ಇನ್ನೊಬ್ಬರಿಲ್ಲದ ಪ್ರಯೋಗಾಲಯದಲ್ಲಿ ಬಾಟಲಿಯ ಮುಚ್ಚಳ ತೆಗೆಯಬೇಡಿ. ಆ ಸೌಕರ್ಯ ಇಲ್ಲದಿದ್ದರೆ ಬೇರೆ ದಾರಿಯಿದೆ: ಸಾಂದ್ರತೆ 2ರ ಆಸುಪಾಸಿನ ಜಿಂಕ್ ಕ್ಲೋರೈಡ್ ಅಥವಾ ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರಾವಣದಲ್ಲಿ ಸುತ್ತಿಸಿದರೆ ಪರಾಗ ತೇಲುತ್ತದೆ, ಖನಿಜ ಮುಳುಗುತ್ತದೆ. ಮಾಡಬಹುದಾದರೆ ನಾವು ಸೂಚಿಸುವುದು ಇದನ್ನೇ.

ನಿಮ್ಮ ಹೊಳೆಯುವ ಹರಳಿನ ಮೂಲ ಬಹುಶಃ ಇಲ್ಲಿದೆ. ಹೈಡ್ರೋಫ್ಲೋರಿಕ್ ಆದ ಮೇಲೆ ಫ್ಲೋರೋಸಿಲಿಕೇಟ್‌ಗಳು ಗಡ್ಡೆಕಟ್ಟುತ್ತವೆ. ಬಿಸಿ ಮಾಡಿದ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆರುವ ಮೊದಲೇ ಚೆಲ್ಲಬೇಕು. ಆರಲು ಬಿಟ್ಟರೆ ಮತ್ತೆ ಹರಳಾಗುತ್ತವೆ.

ಕೊನೆಯದು ಅಸಿಟೋಲಿಸಿಸ್, ಸ್ವೀಡನ್ನಿನ ಎರ್ಟ್‌ಮನ್ ರೂಢಿಗೆ ತಂದದ್ದು. 9 ಪಾಲು ಅಸಿಟಿಕ್ ಅನ್‌ಹೈಡ್ರೈಡಿಗೆ 1 ಪಾಲು ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಬೇಕು. ಇದು ನೀರು ಕಂಡರೆ ಸಿಡಿಯುತ್ತದೆ. ಆದ್ದರಿಂದ ಮೊದಲು ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ಮಾದರಿಯನ್ನು ತೊಳೆದು ನೀರಿನಂಶ ತೆಗೆಯಬೇಕು. ಮಿಶ್ರಣದಲ್ಲಿ 3 ನಿಮಿಷ ಬಿಸಿ, ಮತ್ತೆ ಗ್ಲೇಸಿಯಲ್, ಆಮೇಲೆ ನೀರು. ಸೆಲ್ಯುಲೋಸ್ ಹೋಗಿ ರೇಣುಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಎಲೆಯ ನಾರು ಹಾಗೇ ಉಳಿದಿದ್ದರೆ ನೀರಿನಂಶ ಸರಿಯಾಗಿ ಹೋಗಿರಲಿಲ್ಲ ಎಂದರ್ಥ. ರೇಣುಗಳೇ ಕಪ್ಪಾಗಿದ್ದರೆ ಹೊತ್ತು ಮೀರಿದೆ.

ಕರಿ ಚೂರುಗಳು ಇದ್ದಿಲು. ಅದನ್ನು ಯಾವ ಆಮ್ಲವೂ ಕರಗಿಸದು. ತೀರ ಸಣ್ಣ ಚೂರಾದರೆ 7 ಮೈಕ್ರಾನಿನ ನೈಲಾನ್ ಬಲೆಯಲ್ಲಿ ತೊಳೆದು ಕಳೆಯಬಹುದು, ಉಳಿದದ್ದನ್ನು ಬೈಯಬೇಡಿ, ಎಣಿಸಿ. ಕಾಡ್ಗಿಚ್ಚಿನ ಸಾಕ್ಷಿ ಅದೇ.

ಸ್ಲೈಡಿಗೆ ಗ್ಲಿಸರಿನ್ ಜೆಲ್ಲಿಗಿಂತ ಸಿಲಿಕೋನ್ ಎಣ್ಣೆ ಮೇಲು. ಜೆಲ್ಲಿಯಲ್ಲಿ ರೇಣು ವರ್ಷಗಳಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ ಗಾತ್ರ ಉಳಿಯುತ್ತದೆ, ಕವರ್‌ಸ್ಲಿಪ್ಪನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರೆ ರೇಣು ಹೊರಳಿ ಇನ್ನೊಂದು ಮಗ್ಗುಲನ್ನೂ ತೋರಿಸುತ್ತದೆ. ಎಣ್ಣೆಗೆ ಮೊದಲು ಆಲ್ಕೋಹಾಲಿನಲ್ಲಿ ನೀರು ತೆಗೆಯುವುದನ್ನು ಮರೆತರೆ ಸ್ಲೈಡು ಮಜ್ಜಿಗೆಯಂತಾಗುತ್ತದೆ.

ಇನ್ನೊಂದು ಪರೀಕ್ಷೆ. ಮೂರು ಸಾವಿರ ವರ್ಷ ಹಳೆಯ ಪದರದಲ್ಲಿ ನೀಲಗಿರಿ ಮರದ ಇಲ್ಲವೇ ಗಾಳಿಮರದ ಪರಾಗ ಕಂಡರೆ ಹಿಗ್ಗಬೇಡಿ. ಆ ಮರಗಳನ್ನು ಆಸ್ಟ್ರೇಲಿಯಾ ಕಡೆಯಿಂದ ತಂದು ನಮ್ಮಲ್ಲಿ ತೋಪು ಬೆಳೆಸಿದ್ದು ಈಚಿನ ಎರಡು ಶತಮಾನಗಳ ಮಾತು. ಕಿಟಕಿ ತೆರೆದಿತ್ತೇ, ನಳಿಕೆಗೆ ಮುಚ್ಚಳ ಇತ್ತೇ ನೋಡಿ. ಬರಿಯ ನೀರಿನ ಒಂದು ನಳಿಕೆಯನ್ನೂ ಎಲ್ಲ ಹಂತ ದಾಟಿಸಿದರೆ ಪ್ರಯೋಗಾಲಯದ ಗಾಳಿಯಿಂದ ಏನು ಬೀಳುತ್ತಿದೆ ಎಂದು ತಿಳಿಯುತ್ತದೆ. ಹಾಗೆಯೇ ಎತ್ತರದ ಘಟ್ಟದ ಕೆಸರಾದರೆ ಒಂದು ಮಾದರಿಯನ್ನು ಮಾತ್ರೆ ಇಲ್ಲದೆ ಮಾಡಿ. ಲೈಕೋಪೋಡಿಯಂ ಬಳಗದ ಗಿಡಗಳು ಅಲ್ಲಿ ಸಹಜವಾಗಿಯೂ ಇವೆ.

ಒಂದು ಪದರದಲ್ಲಿ ಹುಲ್ಲಿನ ಪರಾಗ ನೂರಕ್ಕೆ 40 ಇದ್ದರೆ, ಆಗ ನೂರಕ್ಕೆ 40 ಭಾಗ ನೆಲ ಹುಲ್ಲುಗಾವಲಾಗಿತ್ತು ಎಂದು ಹೇಳಬಹುದೇ? ಎಷ್ಟು ರೇಣು ಎಣಿಸಬೇಕು?
*— ನಿವೃತ್ತ ಅಂಕಿಅಂಶ ಅಧಿಕಾರಿ, ಮೈಸೂರು*

ಎರಡನೆಯದು ಸುಲಭ, ನಿಮಗೆ ಗೊತ್ತಿರುವ ಲೆಕ್ಕವೇ. 300 ಎಣಿಸಿದಾಗ ಒಂದು ಜಾತಿ ಶೇ. 20 ಬಂದರೆ ನಿಜವಾದ ಪಾಲು ಸುಮಾರು 15.5ರಿಂದ 24.5ರೊಳಗೆ. 100 ಮಾತ್ರ ಎಣಿಸಿದರೆ 12ರಿಂದ 28. ಹಾಗಾಗಿ 300ರಿಂದ 500 ಎಣಿಸುವುದು ವಾಡಿಕೆ. ಸ್ಲೈಡಿನ ನಡುವೆ ಮಾತ್ರ ಎಣಿಸಬಾರದು. ಕವರ್‌ಸ್ಲಿಪ್ ಇಟ್ಟಾಗ ಸಣ್ಣ ರೇಣುಗಳು ಅಂಚಿಗೆ ಸರಿಯುತ್ತವೆ. ಈ ಅಂಚಿನಿಂದ ಆ ಅಂಚಿನವರೆಗೆ ಸಮದೂರದ ಸಾಲುಗಳಲ್ಲಿ ಹೋಗಬೇಕು.

ಮೊದಲನೆಯದಕ್ಕೆ ಉತ್ತರ: ಹೇಳಲಾಗದು. ಗಾಳಿಯಿಂದ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ ಬುಟ್ಟಿಗಟ್ಟಲೆ ತೂರುತ್ತದೆ, ದುಂಬಿ ನೊಣಗಳನ್ನು ನಂಬಿದ ಗಿಡ ಚಿಟಿಕೆಯಷ್ಟು ಇಡುತ್ತದೆ. ಆಲ, ಅತ್ತಿಗಳದು ಇನ್ನೂ ವಿಚಿತ್ರ. ಪರಾಗ ಕಾಯೊಳಗೇ ಇದ್ದು ಕಣಜದ ಮೈಮೇಲೆ ಇನ್ನೊಂದು ಕಾಯಿಗೆ ಹೋಗುತ್ತದೆ. ಊರ ತುಂಬ ಆಲದ ಮರವಿದ್ದರೂ ಕೆಸರಿನಲ್ಲಿ ಸುಳಿವು ಸಿಗುವುದು ಅಪರೂಪ. ಇತ್ತ ಜೌಗಿನ ಮೇಲೇ ಬೆಳೆಯುವ ಜೇಕು ತನ್ನ ಪರಾಗವನ್ನು ಅಲ್ಲೇ ಸುರಿಯುತ್ತದೆ. ಅದನ್ನು ಒಟ್ಟು ಮೊತ್ತದಿಂದ ಹೊರಗಿಟ್ಟು ಬೇರೆಯಾಗಿ ತೋರಿಸುವುದು ಕ್ರಮ.

ಶೇಕಡಾವಾರಿನಲ್ಲೇ ಒಂದು ಬಲೆ ಇದೆ. ಮರದ್ದು 200, ಹುಲ್ಲಿನದು 100 ರೇಣು ಬೀಳುತ್ತಿತ್ತು, ಹುಲ್ಲು ಶೇ. 33. ಮರ ಅರ್ಧವಾಯಿತು ಎನ್ನಿ. ಹುಲ್ಲು ಒಂದೆಸಳೂ ಹೆಚ್ಚದೆ ಶೇ. 50 ಆಗುತ್ತದೆ. ಇದನ್ನು ಬಿಡಿಸುವುದಕ್ಕೇ ಮೇಲೆ ಹೇಳಿದ ಮಾತ್ರೆ. 18,500 ಬೀಜಕ ಹಾಕಿ, 300 ಪರಾಗ ಎಣಿಸುವಷ್ಟರಲ್ಲಿ 150 ಲೈಕೋಪೋಡಿಯಂ ಸಿಕ್ಕಿದರೆ, ಘನ ಸೆಂ.ಮೀ.ಗೆ 300 ÷ 150 × 18,500, ಅಂದರೆ 37,000 ರೇಣು. ಆ ಜಾಗದಲ್ಲಿ 1 ಸೆಂ.ಮೀ. ಕೆಸರು ಕೂರಲು 20 ವರ್ಷ ಹಿಡಿದಿದ್ದರೆ, ಪ್ರತಿ ಚದರ ಸೆಂ.ಮೀ.ಗೆ ವರ್ಷಕ್ಕೆ 1,850 ಬಿದ್ದಿದೆ. ಈ ಸಂಖ್ಯೆ ಒಂದೊಂದು ಗಿಡಕ್ಕೂ ಸ್ವತಂತ್ರ, ಒಂದರ ಏರಿಳಿತ ಇನ್ನೊಂದನ್ನು ಎಳೆಯುವುದಿಲ್ಲ. ಆದರೆ ಕಾಲನಿರ್ಣಯ ತಪ್ಪಿದ್ದರೆ ಇದೂ ತಪ್ಪು.

ನೆಲದ ಲೆಕ್ಕಕ್ಕೆ ತಿರುಗಿಸಲು ಇಂದಿನ ಕಾಡನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ನಿತ್ಯಹರಿದ್ವರ್ಣ, ಎಲೆಯುದುರುವ ಕಾಡು, ಕುರುಚಲು, ಹುಲ್ಲುಗಾವಲು ಹೀಗೆ ಒಂದೊಂದರ ನೆಲದಿಂದ ಪಾಚಿಯನ್ನೋ ಮೇಲ್ಮಣ್ಣನ್ನೋ ತಂದು ಎಣಿಸಿ, ಹಳೆಯ ಪದರ ಇವುಗಳಲ್ಲಿ ಯಾವುದನ್ನು ಹೋಲುತ್ತದೆ ಎಂದು ನೋಡುವುದು. ಪಶ್ಚಿಮ ಘಟ್ಟದಲ್ಲಿ ಈ ಕೆಲಸವನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಬಹಳ ಮಾಡಿದ್ದಾರೆ.

ಕುದುರೆಮುಖದ ಕಡೆ ಶೋಲಾ ಕಾಡಿನ (ಎತ್ತರದ ಕಣಿವೆಗಳ ನಿತ್ಯಹರಿದ್ವರ್ಣ ಕಾಡು) ಸುತ್ತ ಬೋಳು ಹುಲ್ಲುಗುಡ್ಡ. ಜನ ಕಾಡು ಕಡಿದು ಸುಟ್ಟಿದ್ದರಿಂದ ಹೀಗಾಯಿತೇ?
*— ಚಾರಣಪ್ರಿಯರು, ಚಿಕ್ಕಮಗಳೂರು*

ಇದೇ ಪ್ರಶ್ನೆಯನ್ನು ನೀಲಗಿರಿಯಲ್ಲಿ ಕೇಳಿ, ಊಟಿಯ ಬಳಿಯ ಸ್ಯಾಂಡಿನಲ್ಲಾ ಜೌಗಿನ ಪೀಟ್ (ಅರೆಕೊಳೆತ ಗಿಡಗಳ ಕಪ್ಪು ಕೆಸರು) ತೆಗೆದು ನೋಡಿದ್ದಾರೆ. ಪರಾಗದ ಜೊತೆಗೆ ಇಂಗಾಲದ ಐಸೋಟೋಪುಗಳನ್ನೂ, ಅಂದರೆ ತೂಕದಲ್ಲಿ ಬೇರೆಯಾದ ಅದರ ಬಗೆಗಳನ್ನೂ, ಅಳೆದರು. ಮರಗಳ ಇಂಗಾಲಕ್ಕೂ ಬಿಸಿ ನಾಡಿನ ಹುಲ್ಲುಗಳ ಇಂಗಾಲಕ್ಕೂ ಐಸೋಟೋಪಿನ ಪ್ರಮಾಣ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸುಮಾರು 20,000 ವರ್ಷಗಳ ಉದ್ದಕ್ಕೂ ಹುಲ್ಲು ಮತ್ತು ಮರಗಳ ಪಾಲು ಮುಂಗಾರಿನ ಏರಿಳಿತಕ್ಕೆ ತಕ್ಕಂತೆ ತೂಗಾಡಿದ್ದು ಕಾಣುತ್ತದೆ. ಕೊಡಲಿ ಬರುವ ಎಷ್ಟೋ ಮುಂಚೆ ಅಲ್ಲಿ ಹುಲ್ಲಿತ್ತು. ಕುದುರೆಮುಖಕ್ಕೆ ಇದನ್ನು ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ, ಆದರೆ “ಹುಲ್ಲುಗುಡ್ಡವೆಂದರೆ ಹಾಳಾದ ಕಾಡು” ಎಂಬ ಮಾತನ್ನು ಅನುಮಾನಿಸಲು ಇಷ್ಟು ಸಾಕು.

ಶೋಲಾದ ವಿಷಯದಲ್ಲಿ ಪರಾಗವನ್ನು ಒಂಟಿಯಾಗಿ ನಂಬದಿರುವುದಕ್ಕೆ ಕಾರಣವೂ ಇದೆ. ಅಲ್ಲಿನ ಮುಖ್ಯ ಮರಗಳಲ್ಲಿ ದಾಲ್ಚಿನ್ನಿ ಕುಟುಂಬದವು ಹಲವು. ಈ ಕುಟುಂಬದ ಪರಾಗದ ಹೊರಗೋಡೆ ಎಷ್ಟು ತೆಳುವೆಂದರೆ ಕೆಸರಿನಲ್ಲೂ ಉಳಿಯದು, ಅಸಿಟೋಲಿಸಿಸ್ಸಿಗೂ ತಡೆಯದು. ನಕ್ಷೆಯಲ್ಲಿ ಅವು ಇಲ್ಲವೆಂದರೆ ಕಾಡಿನಲ್ಲೂ ಇರಲಿಲ್ಲ ಎಂದಲ್ಲ.

ರಾಗಿ, ಜೋಳ ನಮ್ಮಲ್ಲಿ ಯಾವಾಗ ಶುರುವಾಯಿತೆಂದು ಪರಾಗದಿಂದ ಹೇಳಬಹುದೇ?
*— ಇತಿಹಾಸ ಉಪನ್ಯಾಸಕರು, ಬಳ್ಳಾರಿ*

ಪರಾಗ ಇಲ್ಲಿ ಕೈಕೊಡುತ್ತದೆ. ಹುಲ್ಲಿನ ಕುಟುಂಬದಲ್ಲಿ ಬಿದಿರು, ಗರಿಕೆ, ರಾಗಿ ಎಲ್ಲವೂ ಅದೇ ಗುಂಡು, ಅದೇ ಒಂದು ರಂಧ್ರ. ಯುರೋಪಿನಲ್ಲಿ 40 ಮೈಕ್ರಾನಿಗಿಂತ ದೊಡ್ಡದಾದರೆ ಗೋಧಿ, ಬಾರ್ಲಿ ಎಂದು ಹಿಡಿಯುತ್ತಾರೆ. ನಮ್ಮ ಕಿರುಧಾನ್ಯಗಳ ರೇಣು ಕಾಡುಹುಲ್ಲಿನ ಗಾತ್ರದ್ದೇ, ಆ ಗೆರೆ ಇಲ್ಲಿ ಕೆಲಸ ಮಾಡದು. ನಿಮ್ಮ ಜಿಲ್ಲೆಯ ಸಂಗನಕಲ್ಲು, ತೆಕ್ಕಲಕೋಟೆಗಳ ನವಶಿಲಾಯುಗದವರು ಕೊರಲೆ, ಹುರುಳಿ, ಹೆಸರು ತಿನ್ನುತ್ತಿದ್ದರೆಂದು ಗೊತ್ತಾದದ್ದು ಸುಟ್ಟು ಕರಿಯಾದ ಕಾಳುಗಳಿಂದ. ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿದ್ದನ್ನು ಜರಡಿ ಹಿಡಿಯುವ ವಿಧಾನ ಅದು. ಕಾಳೂ ಇಲ್ಲದಿದ್ದರೆ ಹುಲ್ಲಿನ ಎಲೆ, ಹೊಟ್ಟಿನೊಳಗೆ ಕಟ್ಟಿಕೊಳ್ಳುವ ಸಿಲಿಕಾದ ಅಚ್ಚುಗಳನ್ನು, ಅಂದರೆ ಫೈಟೋಲಿತ್‌ಗಳನ್ನು ಹುಡುಕಬೇಕು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಡೈನೋಸಾರ್‌ಗಳ ಕಲ್ಲಾದ ಲದ್ದಿಯಲ್ಲೂ ಇವು ಸಿಕ್ಕಿ, ಅವುಗಳ ಕಾಲಕ್ಕೇ ಹುಲ್ಲಿತ್ತೆಂದು 2005ರಲ್ಲಿ ಗೊತ್ತಾಯಿತು.

ಒಂದು ಬೆಳೆ ಮಾತ್ರ ಇದಕ್ಕೆ ಹೊರತು, ಮುಸುಕಿನ ಜೋಳ. ಅದರ ರೇಣು 80–100 ಮೈಕ್ರಾನ್ ಆಸುಪಾಸು, ಹುಲ್ಲುಗಳ ನಡುವೆ ಆನೆಯಂತೆ ಎದ್ದು ಕಾಣುತ್ತದೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಕೊಲಂಬಸ್ಸಿಗೂ ಮುಂಚೆಯೇ ಅದು ಇಲ್ಲಿತ್ತು ಎಂದು 1989ರಲ್ಲಿ ಇಬ್ಬರು ವಾದಿಸಿದ್ದರು. ಅದು ತೆನೆಯಲ್ಲ, ಮುತ್ತಿನ ಅಲಂಕಾರದ ಕಾಲ್ಪನಿಕ ಫಲ ಎಂದು ಉಳಿದವರು ಮರುನುಡಿದರು. ಶಿಲ್ಪ ನೋಡಿ ಜಗಳಾಡುವ ಬದಲು, ಗದ್ದೆ ಅಂಚಿನ ಯಾವುದಾದರೂ ಒಣಗದ ಮಡುವಿನಲ್ಲಿ 12–13ನೇ ಶತಮಾನದ ಪದರ ಹುಡುಕುವುದು ಮೇಲು. ಮುಸುಕಿನ ಜೋಳದ ಪರಾಗ ಭಾರ, ಹೊಲದಿಂದ ಬಹುದೂರ ಹಾರುವುದಿಲ್ಲ. ಸಿಕ್ಕಿತೆಂದರೆ ಹೊಲ ಅಲ್ಲೇ ಇತ್ತು.

ಕಾರವಾರದ ಸಮುದ್ರದ ತಳದಲ್ಲಿ ಹಳೆಯ ಕಾಡಿನ ದಾಖಲೆ ಸಿಕ್ಕಿದೆಯಂತೆ. ನಿಜವೇ?
*— ಓದುಗರು, ಅಂಕೋಲಾ*

ನಿಜ. ಕಾಳಿಯಂಥ ನದಿಗಳು ಘಟ್ಟದ ಪರಾಗವನ್ನು ಕೆಸರಿನ ಜೊತೆ ಕಡಲಿಗೆ ತರುತ್ತವೆ. ಅಲ್ಲಿ ಒಣಗುವ ಭಯವಿಲ್ಲ, ಹೂಳೆತ್ತುವವರೂ ಇಲ್ಲ. ಕಾರವಾರದಾಚೆಯ ಕಡಲತಳದಿಂದ ತೆಗೆದ ಕೆಸರಿನ ಕಂಬಗಳನ್ನು ಸಂಶೋಧಕ ಕಾರಾತಿನಿ ಮತ್ತು ಸಂಗಡಿಗರು ಪರೀಕ್ಷಿಸಿ, ಸುಮಾರು 3,500 ವರ್ಷಗಳಿಂದೀಚೆಗೆ ಇಲ್ಲಿನ ಹವೆಯಲ್ಲಿ ತೇವ ಕಡಿಮೆಯಾಯಿತೆಂದು 1994ರಲ್ಲಿ ಬರೆದರು. ಕಾಂಡ್ಲಾ ಗಿಡಗಳ ಪರಾಗ ಇಳಿದದ್ದು ಅವರ ಮುಖ್ಯ ಆಧಾರಗಳಲ್ಲಿ ಒಂದು. ಕಾಂಡ್ಲಾಕ್ಕೆ ಉಪ್ಪುನೀರಿನ ಜೊತೆ ನದಿಯ ಸಿಹಿನೀರೂ ಬೇಕು. ಮಳೆ ಕಡಿಮೆಯಾದರೆ ಅದು ಸೊರಗುತ್ತದೆ.

ಕಡಲ ದಾಖಲೆಯ ಕೊರತೆಯೆಂದರೆ ವಿಳಾಸ ಮಸುಕು. ದಡದ ಕಾಂಡ್ಲಾ, ಘಟ್ಟದ ಕಾಡು, ಬಯಲಿನ ಹುಲ್ಲು ಎಲ್ಲ ಒಂದೇ ಚಮಚದಲ್ಲಿ. ಕಾಡಿನ ಪರಾಗ ಇಳಿದರೆ ಮಳೆ ಕಾರಣವೋ ಕೊಡಲಿ ಕಾರಣವೋ ಎಂಬುದು ಪರಾಗವೊಂದರಿಂದ ತೀರ್ಮಾನವಾಗದು. ಇದ್ದಿಲಿನ ಚೂರು ಅದೇ ಪದರದಲ್ಲಿ ಏರಿದೆಯೇ, ಐಸೋಟೋಪು ಏನು ಹೇಳುತ್ತದೆ ಎಂದು ಕೂಡಿಸಿ ನೋಡಬೇಕು.

ನಮ್ಮ ಕಲ್ಲುಗಳಲ್ಲಿ ಕೋಟ್ಯಂತರ ವರ್ಷ ಹಳೆಯ ಪರಾಗ ಸಿಗುತ್ತದೆಯೇ?
*— ಪದವಿ ವಿದ್ಯಾರ್ಥಿನಿ, ಕಲಬುರಗಿ*

ಭೀಮಾ ಕಣಿವೆಯ ಸುಣ್ಣಕಲ್ಲಿನಲ್ಲಿ ಇಲ್ಲ, ಬಾಗಲಕೋಟೆಯ ಕಲಾದಗಿ ಕಲ್ಲಿನಲ್ಲೂ ಇಲ್ಲ. ಅವು ಕೂತಾಗ ನೆಲದ ಮೇಲೆ ಗಿಡಗಳೇ ಹುಟ್ಟಿರಲಿಲ್ಲ. ನೆಲಸಸ್ಯದ ಮೊದಲ ಬೀಜಕಗಳು ಸುಮಾರು 47 ಕೋಟಿ ವರ್ಷ ಹಿಂದಿನವು, ಅರ್ಜೆಂಟೀನಾದಲ್ಲಿ ಸಿಕ್ಕಿವೆ. ಕಲ್ಲಿದ್ದಲ ಪದರಗಳ ಪರಾಗಕ್ಕೆ ನೀವು ಪಕ್ಕದ ತೆಲಂಗಾಣದ ಸಿಂಗರೇಣಿಗೆ ಹೋಗಬೇಕು. ಅಲ್ಲಿ ಈಗ ಅಳಿದುಹೋದ ಗ್ಲಾಸಾಪ್ಟೆರಿಸ್ ಗಿಡಗಳ, ಮೈಮೇಲೆ ಪಟ್ಟೆಯಿರುವ ಎರಡು ಚೀಲದ ರೇಣುಗಳು ಹೇರಳ. ಇಂಥ ಗೊಂಡ್ವಾನ (ಭಾರತವೂ ಸೇರಿದ್ದ ಹಳೆಯ ದಕ್ಷಿಣ ಭೂಖಂಡ) ಕಾಲದ ಪರಾಗದ ಅಧ್ಯಯನಕ್ಕೆ 1946ರಲ್ಲಿ ಶುರುವಾದ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಹೆಸರುವಾಸಿ. ನಿಮ್ಮ ಭಾಗದಲ್ಲಿ ಹುಡುಕುವುದಾದರೆ ಗುರುಮಠಕಲ್ ಕಡೆ, ದಖನ್ ಲಾವಾದ ಎರಡು ಹರಿವುಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಗಳ ಪದರಗಳಲ್ಲಿ. ಅವು ಸುಮಾರು 6.6 ಕೋಟಿ ವರ್ಷದ ಆಸುಪಾಸಿನವು, ಡೈನೋಸಾರ್‌ಗಳ ಕೊನೆಗಾಲ.

ಆ ಕೊನೆಗಾಲದ ಪರಾಗದಾಖಲೆ ಬಹಳ ಸ್ಪಷ್ಟವಾಗಿರುವುದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ. ಆಗ ಅಪ್ಪಳಿಸಿದ ಉಲ್ಕೆಯ ಇರಿಡಿಯಂ ಲೋಹ ಇರುವ ತೆಳು ಪದರದ ಮೇಲೆ ಹೂಗಿಡಗಳ ಪರಾಗ ಕುಸಿದು, ಜರೀಗಿಡದ ಬೀಜಕ ನೂರಕ್ಕೆ 99ರವರೆಗೂ ಏರುತ್ತದೆ. ಸುಟ್ಟ ನೆಲಕ್ಕೆ ಮೊದಲು ಬರುವ ಗಿಡ ಜರೀ.

ಇಷ್ಟು ಹಳೆಯದಕ್ಕೆ ಇಂಗಾಲದ ಕಾಲನಿರ್ಣಯ ಸಲ್ಲದು, ಅದರ ಮಿತಿ ಸುಮಾರು 50,000 ವರ್ಷ. ರೇಣುಗಳ ಜಾತಿಕೂಟವೇ ಕಾಲ ಹೇಳುತ್ತದೆ. ಬಣ್ಣ ಇನ್ನೊಂದು ಸುದ್ದಿ ಹೇಳುತ್ತದೆ: ಕಲ್ಲು ಬಿಸಿಯಾದಂತೆ ರೇಣು ತಿಳಿಹಳದಿಯಿಂದ ಕಿತ್ತಳೆ, ಕಂದು, ಕಪ್ಪಿಗೆ ಹೋಗುತ್ತದೆ. ಕಿತ್ತಳೆ-ಕಂದು ಎಣ್ಣೆ ಹುಡುಕುವವರಿಗೆ ಪ್ರಿಯ. ಪೂರ್ತಿ ಕಪ್ಪಾದರೆ ಎಣ್ಣೆಯೂ ಇಲ್ಲ, ಗುರುತೂ ಇಲ್ಲ. ಲಾವಾಕ್ಕೆ ತೀರ ಅಂಟಿಕೊಂಡ ಪದರ ಬಿಟ್ಟು ನಡುವಿನದನ್ನು ತೆಗೆಯಿರಿ ಎನ್ನುವುದು ಅದಕ್ಕೇ.

ಜೇನು ಸಾಕುತ್ತೇನೆ. ಶಾಲೆಯ ಸೂಕ್ಷ್ಮದರ್ಶಕ ಬಳಸಲು ಸಿಗುತ್ತದೆ. ಆಮ್ಲ ಇಲ್ಲದೆ ಏನಾದರೂ ಮಾಡಬಹುದೇ?
*— ಕೃಷಿಕರು, ಕೊಡಗು*

ಮಾಡಬಹುದು. 10 ಗ್ರಾಂ ಜೇನನ್ನು 20 ಮಿ.ಲೀ. ಉಗುರುಬೆಚ್ಚನೆ ನೀರಿನಲ್ಲಿ ಕರಗಿಸಿ. ಸೆಂಟ್ರಿಫ್ಯೂಜ್ ಇದ್ದರೆ 10 ನಿಮಿಷ ಸುತ್ತಿಸಿ, ಇಲ್ಲದಿದ್ದರೆ ತಳ ಚೂಪಾದ ನಳಿಕೆಯಲ್ಲಿ ಫ್ರಿಜ್ಜಿನಲ್ಲಿ ಒಂದು ದಿನ ನಿಲ್ಲಿಸಿ. ಮೇಲಿನ ನೀರು ತೆಗೆದು ತಳದ ಒಂದು ಹನಿಯನ್ನು ಸ್ಲೈಡಿಗೆ ಹಾಕಿ, ಶಾಲೆಯ ಸ್ಯಾಫ್ರನಿನ್ ಬಣ್ಣ ಸೂಜಿಮೊನೆಯಷ್ಟು ಬಿಟ್ಟು 400 ಪಟ್ಟಿನಲ್ಲಿ ನೋಡಿ. ಒಂದೇ ಜಾತಿಯ ರೇಣು ಶೇ. 45ಕ್ಕಿಂತ ಹೆಚ್ಚಿದ್ದರೆ ಆ ಹೂವಿನ ಜೇನು ಎನ್ನುವುದು ಸಾಮಾನ್ಯ ಅಳತೆ.

ಯಾವ ಹೂವಿನದೆಂದು ತಿಳಿಯಲು ಹೋಲಿಕೆಗೆ ಗುರುತಿನ ಸ್ಲೈಡುಗಳು ಬೇಕು. ಹಳೆಯ ಕೆಸರು ನೋಡುವವರಿಗೂ ಇದೇ ಬೇಕು, ಎಷ್ಟಿದ್ದರೂ ಸಾಲದು. ಅರಳಿದ ಹೂವಿನಲ್ಲಿ ನೊಣ ತಂದ ಬೇರೆ ಪರಾಗವೂ ಇರುತ್ತದೆ, ಆದ್ದರಿಂದ ನಾಳೆ ಅರಳುವ ಮೊಗ್ಗನ್ನು ಬಿಡಿಸಿ ಪರಾಗಕೋಶ ತೆಗೆಯಿರಿ. ಹನಿ ಆಲ್ಕೋಹಾಲಿನಲ್ಲಿ ಜಿಡ್ಡು ತೊಳೆದು, ಬಣ್ಣ ಬೆರೆಸಿದ ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿ, ಅಂಚಿಗೆ ಉಗುರುಬಣ್ಣ ಬಳಿಯಿರಿ. ದಾಸವಾಳದಿಂದ ಶುರುಮಾಡಿ. ಮುಳ್ಳುಮುಳ್ಳಿನ ದಪ್ಪ ರೇಣು, 100 ಪಟ್ಟಿನಲ್ಲೇ ಕಾಣುತ್ತದೆ. ಕಾಫಿ, ಕಿತ್ತಳೆ, ಏಲಕ್ಕಿ, ಸಿಲ್ವರ್ ಓಕ್ ಆಮೇಲೆ. ಸ್ಲೈಡಿನ ಮೇಲೆ ಗಿಡದ ಹೆಸರು, ತೋಟ, ತಾರೀಕು ಬರೆಯಿರಿ. ಅದೇ ಗಿಡದ ಹೂವಿರುವ ಒಂದು ಟೊಂಗೆಯನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ ಅದೇ ನಂಬರು ಹಾಕಿಡಿ. ಹೆಸರು ತಪ್ಪಾಗಿತ್ತೆಂದು ಹತ್ತು ವರ್ಷದ ಮೇಲೆ ಅನುಮಾನ ಬಂದರೆ ತೆಗೆದು ನೋಡಲು ಆ ಟೊಂಗೆ ಬೇಕಾಗುತ್ತದೆ.